ಎಡಗಡೆ ಸೀಟಿನ ನೀರು

ಕಾರಿನಲ್ಲಿ ಒಬ್ಬಳೇ ಹೋಗುವಾಗ ನಾನು ಗಟ್ಟಿಯಾಗಿ ಮಾತಾಡುತ್ತೇನೆ. "ಎಡಕ್ಕ ಎಮ್ಮಿ" ಎನ್ನುತ್ತೇನೆ. "ಮುಂದ ಹಂಪ್ ಅದ" ಎನ್ನುತ್ತೇನೆ. ಒಮ್ಮೆ ಸೇಡಂ ಬಸ್ ನಿಲ್ದಾಣದ ಹತ್ತಿರ ಗಾಜು ಇಳಿಸಿದ್ದು ಮರೆತು, ನುಗ್ಗಿ ಬಂದ ಆಟೋ ಕಂಡು "ಟಂಟಂ ಅಡ್ಡ ಬಂತು" ಎಂದು ಕೂಗಿಬಿಟ್ಟೆ. ಅದು ನಮ್ಮ ಶಾಲೆಯ ಹುಡುಗಿಯರ ಕಿವಿಗೆ ಬಿತ್ತು. ಮರುದಿನ ಗಣಿತದ ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ "ಟೀಚರ್ ಅಡ್ಡ ಬಂದ್ರು" ಎಂಬ ಪಿಸುಮಾತು. ಸಿಟ್ಟು ಬರಬೇಕಿತ್ತು, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮಾತ್ರ ಬರಲಿಲ್ಲ, ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಈ ಚಟ ಹಚ್ಚಿದವರು ನನ್ನ ಮಾವ, ಅಂದರೆ ಗಂಡನ ತಂದೆ. ಅವರು ಈಗಿಲ್ಲ. ಎಡಗಡೆಯ ಸೀಟಿನಲ್ಲಿ ಈಗ ನನ್ನ ಬ್ಯಾಗು, ಊಟದ ಡಬ್ಬಿ, ಸಂತೆಯ ದಿನ ಮೆಂತ್ಯಪಲ್ಲೆಯ ಕಟ್ಟು ಕೂತು ಪ್ರಯಾಣ ಮಾಡುತ್ತವೆ. ಅವು ಯಾವುವೂ ತಿರುಗಿ ಮಾತಾಡುವುದಿಲ್ಲ.

ನಮ್ಮ ಮನೆ ಚಿತ್ತಾಪುರದಲ್ಲಿ. ನನ್ನ ಶಾಲೆ ಸೇಡಂನಲ್ಲಿ. ನಮ್ಮನೆಯವರು ಶಹಾಬಾದ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಹೋಗಿಬರುವುದೆಲ್ಲ ರೈಲಿನಲ್ಲೇ. ರೈಲಿನವರ ಮಗ ರೈಲಿನ ನಂಟು ಬಿಡುವುದುಂಟೇ? ಹಾಗಾಗಿ ಯಾರೋ ಓಡಿಸಿ ಬಿಟ್ಟ ಆ ಸಣ್ಣ ಬಿಳಿ ಕಾರು ಮನೆಗೆ ಬಂದಾಗ ಅದರ ಕೀಲಿ ನನ್ನ ಕೈಗೇ ಬಂತು. ಅತ್ತೆಗೆ ಹೆದರಿಕೆ. ಮಾವನವರಿಗೆ ಮಾತ್ರ ಎಲ್ಲಿಲ್ಲದ ಹುಮ್ಮಸ್ಸು. ಅವರು ವಾಡಿ ಜಂಕ್ಷನ್ನಿನಲ್ಲಿ ಇಂಜಿನ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಕಾರು ಓಡಿಸಲು ಅವರಿಗೆ ಬರುತ್ತಿರಲಿಲ್ಲ, ಅದು ಬೇರೆ ಮಾತು. "ಸ್ಟೇರಿಂಗ್ ಇರೋ ಗಾಡಿ ಗಾಡಿನೇ ಅಲ್ಲ. ಹಳಿ ಹೋದಂಗ ಹೋಗಬೇಕು" ಎನ್ನುತ್ತಿದ್ದರು. ಆದರೂ ಮೊದಲ ದಿನವೇ ಧೋತರ ಮೇಲೆತ್ತಿ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ, ಚಪ್ಪಲಿಯನ್ನು ಹೊರಗೆ ಬಿಟ್ಟು ಎಡಗಡೆ ಸೀಟಿನಲ್ಲಿ ಕೂತರು. ಪೂಜೆಯಾದ ಗಾಡಿಯೊಳಗೆ ಚಪ್ಪಲಿ ಹಾಕಬಾರದೆಂಬುದು ಅವರ ನೇಮ. ಹೊರಡುವ ಮುಂಚೆ ಆ ಚಪ್ಪಲಿಯನ್ನು ಎತ್ತಿ ಹಿಂದಿನ ಡಿಕ್ಕಿಯಲ್ಲಿಡುವುದು ನನ್ನ ಕೆಲಸ.

ಕೂತವರೇ ನನಗೆ ಒಂದು ಪಾಠ ಹೇಳಿದರು. ಇಂಜಿನ್ನಿನಲ್ಲಿ ಇಬ್ಬರು ಇರುತ್ತಾರೆ. ಸಿಗ್ನಲ್ ಕಂಡ ಕೂಡಲೆ ಒಬ್ಬ ಅದನ್ನು ಕೂಗಿ ಹೇಳಬೇಕು, ಇನ್ನೊಬ್ಬ ತನ್ನ ಕಣ್ಣಿಂದ ನೋಡಿ ಅದನ್ನೇ ತಿರುಗಿ ಹೇಳಬೇಕು. ಹೇಳದೆ ಮುಂದೆ ಹೋಗುವಂತಿಲ್ಲ.

"ಒಬ್ಬಾಂವ ಕಂಡ್ರ ಸಾಲಂಗಿಲ್ಲ ಯವ್ವಾ. ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಆವಾಗ ಅದು ಖರೆ" ಎಂದರು.

ಅಂದಿನಿಂದ ನಮ್ಮ ಕಾರೂ ಇಂಜಿನ್ನೇ ಆಯಿತು. "ಗೇಟ್ ತೆರದದ" ಎಂದು ಅವರು. "ಗೇಟ್ ತೆರದದ" ಎಂದು ನಾನು. "ಬಲಕ್ಕ ಲಾರಿ." "ಬಲಕ್ಕ ಲಾರಿ." ಮೊದಮೊದಲು ಭಾಳ ನಾಚಿಕೆಯಾಗುತ್ತಿತ್ತು, ಹಲ್ಲು ಕಚ್ಚಿಕೊಂಡು ಗೊಣಗುತ್ತಿದ್ದೆ. "ಕೇಳಲಿಲ್ಲ" ಎಂದು ಅವರು ಮತ್ತೆ ಕೂಗುತ್ತಿದ್ದರು. ಸೊಸೆಯಾಗಿ ಬಂದ ಮೇಲೆ ಮಾವನ ಎದುರು ನಾನು ದನಿಯೆತ್ತಿ ಮಾತಾಡಿದ್ದು ಆ ಕಾರಿನಲ್ಲೇ, ಅದೂ ಅವರ ಅಪ್ಪಣೆಯ ಮೇಲೆ.

ಪ್ರತಿ ಭಾನುವಾರ ಅವರನ್ನು ವಾಡಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಸ್ಟೇಷನ್ನಿನ ಹೊರಗೆ ಒಂದು ಬೇವಿನ ಮರದ ಕೆಳಗೆ ಅವರ ವಾರಿಗೆಯ ನಿವೃತ್ತರೆಲ್ಲ ಸೇರುತ್ತಿದ್ದರು. ಚಹಾ ಕುಡಿದು, ಬಂದುಹೋಗುವ ಗಾಡಿಗಳ ಡ್ರೈವರುಗಳನ್ನೆಲ್ಲ ಬೈದು, ಮನೆಗೆ ಹೊರಡುತ್ತಿದ್ದರು. ನಾನು ಅಷ್ಟರಲ್ಲಿ ಪೇಟೆಯ ಕೆಲಸ ಮುಗಿಸಿಕೊಂಡು ಬರುತ್ತಿದ್ದೆ.

ಅವರಿಗೆ ಕಾರಿನಲ್ಲಿ ಎಲ್ಲಕ್ಕಿಂತ ಪ್ರೀತಿಯ ವಸ್ತು ಎಸಿ. ಆಯುಷ್ಯವೆಲ್ಲ ಇಂಜಿನ್ನಿನ ಕಾವಿನಲ್ಲಿ ಬೆಂದವರು. ಬೇಸಿಗೆಯಲ್ಲಿ ಕ್ಯಾಬಿನ್ನಿನ ಕಬ್ಬಿಣ ಮುಟ್ಟಿದರೆ ಅಂಗೈ ಸುಡುತ್ತಿತ್ತಂತೆ. ಈಗ ಎಸಿಯ ಜಾಲರಿಗಳನ್ನೆಲ್ಲ ತಮ್ಮ ಮುಖದ ಕಡೆಗೇ ತಿರುಗಿಸಿಕೊಳ್ಳುವರು. ಥಂಡಿಯಾಗುತ್ತದೆಂದು ಕಿವಿಗೆ ಟವೆಲ್ ಸುತ್ತಿಕೊಳ್ಳುವರು. ಟವೆಲ್ ಸುತ್ತಿಕೊಂಡು "ಜರಾ ಜಾಸ್ತಿ ಮಾಡು" ಎನ್ನುವರು. ಉಸಿರು ಬಿಟ್ಟು, ಕಣ್ಣು ಅರೆಮುಚ್ಚಿ, "ಇಷ್ಟು ಥಂಡಿ ನಮ್ಮ ಸಾಹೇಬಗೂ ಸಿಕ್ಕಿರಲಿಲ್ಲ" ಎನ್ನುವರು. ಆ ಮುಖ ನೋಡುವುದಕ್ಕಾಗಿಯೇ ನಾನು ಚಳಿ ಸಹಿಸಿಕೊಂಡು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಿದ್ದೆ.

ಎಸಿ ಹಾಕಿದ ಕಾರು ಎಲ್ಲಿ ನಿಂತರೂ ಅಡಿಯಲ್ಲಿ ಒಂದಿಷ್ಟು ನೀರು ತೊಟ್ಟಿಕ್ಕುತ್ತದೆ. ಅದನ್ನು ಕಂಡು ಮಾವನವರು ಬೇವಿನ ಮರದ ಕೆಳಗಿನ ಗೆಳೆಯರಿಗೆ ಪ್ರತಿ ವಾರವೂ ಒಂದೇ ಚಾಷ್ಟಿ ಹೇಳುತ್ತಿದ್ದರು. "ನೋಡ್ರಿ, ನಮ್ಮ ಗಾಡಿ ಎತ್ತಿನಂಗ ಅದ. ನೊಗ ಇಳಿಸಿ ಕೊಳ್ಳ ಹರಿದ ಕೂಡಲೆ ಉಚ್ಚಿ ಹೊಯ್ತದ." ಅವರೂ ಪ್ರತಿ ವಾರ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಇನ್ನೊಂದು ಚಟವೂ ಇತ್ತು. ತೊಗರಿಯ ಸುಗ್ಗಿಯಲ್ಲಿ ನಮ್ಮ ಕಡೆಯ ರೈತರು ಕೊಯ್ದ ಗಿಡಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಲಾರಿ, ಬಸ್ಸು, ಕಾರುಗಳ ಗಾಲಿಯ ಕೆಳಗೆ ಕಾಯಿ ಒಡೆದು ಕಾಳು ಉದುರುತ್ತದೆ. ಸಿಟ್ಟಿನ ಡ್ರೈವರುಗಳು ಬೈದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾರೆ, ನಾನೂ ಅದೇ ಜಾತಿ. ಮಾವನವರು ಬಿಡುತ್ತಿರಲಿಲ್ಲ. "ಮ್ಯಾಲಿಂದನೇ ಹೋಗು ಯವ್ವಾ. ನಮಗೇನು ಹೋಗ್ತದ? ಅವರ ಕೆಲಸ ಹಗುರಾಗ್ತದ" ಎನ್ನುತ್ತಿದ್ದರು. ಕುರಕುಂಟಾ ಕಡೆ ಹೋದಾಗ ಒಂದೇ ರಾಶಿಯ ಮೇಲೆ ಹಿಂದೆ ಮುಂದೆ ಓಡಿಸಿ ಮುದುಕಿಯೊಬ್ಬಳ ಕಾಳು ಬಡಿದುಕೊಟ್ಟೇ ಮುಂದೆ ಹೋದದ್ದುಂಟು. ಹೊಟ್ಟು ಎದ್ದು ಮುಂದಿನ ಗಾಜಿನ ಬುಡದಲ್ಲೆಲ್ಲ ತುಂಬಿಕೊಳ್ಳುತ್ತಿತ್ತು. ಶಹಾಬಾದಿನ ಕಲ್ಲಿನ ಪುಡಿ, ವಾಡಿಯ ಸಿಮೆಂಟಿನ ಧೂಳು ಮೊದಲೇ ಇದ್ದದ್ದು. ನಾನು ವಾರಕ್ಕೊಮ್ಮೆ ಒರೆಸಿ ನನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತಿದ್ದೆ. ಆ ಹೊಟ್ಟು ಎಲ್ಲಿಗೆ ಹೋಗಿ ಕೂರುತ್ತಿದೆ ಎಂಬ ವಿಚಾರ ನಮಗ್ಯಾರಿಗೂ ಬಂದಿರಲಿಲ್ಲ.

ಒಂದು ವರ್ಷ ಚಳಿಗಾಲದಲ್ಲಿ ಮಾವನವರಿಗೆ ಮೂತ್ರ ಕಟ್ಟಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಕೆಲವು ತಿಂಗಳು ಹಿಡಿತ ತಪ್ಪಬಹುದು, ಗಾಬರಿಯಾಗಬೇಡಿ ಎಂದು ಡಾಕ್ಟರು ನಮಗೆಲ್ಲ ಹೇಳಿ ಕಳಿಸಿದರು. ಹಾಗೇನೂ ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ಅವರು ಮತ್ತೆ ಎಡಗಡೆ ಸೀಟಿನಲ್ಲಿ ಕೂತು ಎಮ್ಮೆ ಎಣಿಸತೊಡಗಿದ್ದರು.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಮೋಡ ಕವಿಯುತ್ತಿತ್ತು, ಮಳೆ ಬೀಳುತ್ತಿರಲಿಲ್ಲ. ಮೈಯೆಲ್ಲ ಬೆವರಿ ಅಂಟಂಟು. ವಾಡಿಯಿಂದ ಬಂದು ಮನೆಯ ಮುಂದೆ ಕಾರು ನಿಲ್ಲಿಸಿದೆ. ಮಾವನವರು ಇಳಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದವರು ಅವರ ಕಾಲ ಕಡೆ ನೋಡಿದರು. ನಾನೂ ನೋಡಿದೆ. ಧೋತರದ ಅಂಚು ಒದ್ದೆಯಾಗಿ ಮೊಳಕಾಲವರೆಗೆ ನೀರು ಏರಿತ್ತು. ಪಾದದ ಗುರುತು ಅಂಗಳಕ್ಕೆ ಹಾಸಿದ ಪರಸಿಕಲ್ಲಿನ ಮೇಲೆ ಒದ್ದೆಯಾಗಿ ಮೂಡುತ್ತಿತ್ತು. ಕಡೆಗೆ ಅವರೂ ತಲೆ ಬಗ್ಗಿಸಿ ನೋಡಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಅವರು ನೆಟ್ಟಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಮುಳ್ಳು ಚುಚ್ಚಿದರೂ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಹಾಗಾಗಿ ಆ ನೀರು ಯಾವಾಗ ಬಂತು, ಎಲ್ಲಿಂದ ಬಂತು ಎಂಬುದು ಅವರಿಗೂ ತಿಳಿಯಲಿಲ್ಲ. ಡಾಕ್ಟರ ಮಾತು ಮಾತ್ರ ಎಲ್ಲರ ನೆನಪಿನಲ್ಲಿತ್ತು.

ಮುಂದಿನ ವಾರವೂ ಹಾಗೇ ಆಯಿತು. ಕಾಲಡಿಯ ಮ್ಯಾಟು ನೆನೆದಿತ್ತು, ಅದರ ಕೆಳಗಿನ ಕಾರ್ಪೆಟ್ಟು ಒತ್ತಿದರೆ ನೀರು ಜಿನುಗುತ್ತಿತ್ತು. ಕಾರಿನೊಳಗೆ ಒಂದು ಹುಳಿ ವಾಸನೆ ಸೇರಿಕೊಂಡಿತು. ಮುಚ್ಚಿದ ಕಾರಿನಲ್ಲಿ ನೆನೆದ ಕಾರ್ಪೆಟ್ಟಿನ ವಾಸನೆ ಯಾರ ಮೇಲೆ ಬೇಕಾದರೂ ಅಪವಾದ ಹೊರಿಸಬಲ್ಲದು. ನಾನು ಮ್ಯಾಟನ್ನು ಮಾವನವರ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ತೊಳೆದು ಹಾಕಿದೆ. ಮೂಗು ಹತ್ತಿರ ಒಯ್ಯಲಿಲ್ಲ. ಮಾವನವರ ವಿಷಯದಲ್ಲಿ ಹಾಗೆ ಮೂಸಿ ನೋಡುವುದು ಮರ್ಯಾದೆಯಲ್ಲ ಎಂದು ನನ್ನ ಭಾವನೆ. ಒಂದು ಸಲ ಮೂಸಿದ್ದರೆ ಕತೆಯೇ ಮುಗಿಯುತ್ತಿತ್ತು. ನಮ್ಮ ಮನೆತನದ ಮರ್ಯಾದೆ ಎಂಥದ್ದೆಂದರೆ, ಒಬ್ಬರ ಮಾನ ಕಾಯಲು ಎಲ್ಲರೂ ಸೇರಿ ಅವರನ್ನು ತಪ್ಪಿತಸ್ಥರನ್ನಾಗಿ ಮಾಡಿಬಿಟ್ಟೆವು.

ಅತ್ತೆ ಹಳೆಯ ಕೌದಿಯೊಂದನ್ನು ಕತ್ತರಿಸಿ, ಅದರಡಿ ಪ್ಲಾಸ್ಟಿಕ್ ಹಾಳೆ ಹೊಲಿದು, ಎಡಗಡೆ ಸೀಟಿಗೆ ಹಾಸಿದರು. "ಬೆನ್ನಿಗೆ ಮೆತ್ತಗಾಗ್ತದ" ಎಂದರು, ಯಾರೂ ಕೇಳದಿದ್ದರೂ. ಭಾನುವಾರ ಮಾವನವರು ಕಾರಿನ ಬಾಗಿಲು ತೆರೆದರು. ಕೌದಿಯನ್ನು ನೋಡಿದರು. ಅದರ ಅಂಚು ಎತ್ತಿ, ಕೆಳಗಿನ ಪ್ಲಾಸ್ಟಿಕ್ ನೋಡಿದರು. ನಿಧಾನಕ್ಕೆ ಮತ್ತೆ ಸರಿಯಾಗಿ ಹಾಸಿ, ಬಾಗಿಲು ಮುಚ್ಚಿದರು.

"ಯಾಕೋ ನನಗ ಈ ಎಸಿ ಒಗ್ಗವಲ್ದು. ನೀ ಹೋಗಿ ಬಾ ಯವ್ವಾ" ಎಂದು ಹೇಳಿ ಒಳಗೆ ಹೋದರು.

ಅಂದಿನಿಂದ ಅವರು ಕಾರು ಹತ್ತಲಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರು ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ರಾತ್ರಿ ತಲೆದಿಂಬಿನ ಹತ್ತಿರ ಅತ್ತೆ ಇಟ್ಟ ತಂಬಿಗೆ ಬೆಳಿಗ್ಗೆ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ಚಹಾ ಬೇಡ, ಮಜ್ಜಿಗೆ ಬೇಡ. ತುಟಿ ಒಣಗಿ ಸಿಪ್ಪೆಯೇಳತೊಡಗಿತು. ಒಂದು ದಿನ ಸ್ನಾನ ಮಾಡಿ ಬರುವಾಗ ತಲೆಸುತ್ತಿ ಗೋಡೆ ಹಿಡಿದು ಕೂತುಬಿಟ್ಟರು. ಅಂಥ ಸೆಕೆಯಲ್ಲಿ, ಅಂಥ ಸಕ್ಕರೆ ಕಾಯಿಲೆಯ ಮನುಷ್ಯ ನೀರು ಬಿಟ್ಟರೆ ಏನಾಗುತ್ತದೆಂದು ಯಾರಾದರೂ ಹೇಳಬೇಕೇ? ನನಗೆ ನಿಜವಾಗಿ ಹೆದರಿಕೆಯಾಯಿತು. ನೀರು ಕುಡಿಯಿರಿ ಎಂದರೆ "ಕುಡದೀನಿ" ಎನ್ನುತ್ತಿದ್ದರು, ನಮ್ಮ ಮುಖ ನೋಡದೆ.

ಅದೇ ಹೊತ್ತಿಗೆ ಚಿಂಚೋಳಿಯಿಂದ ಫೋನು ಬಂತು. ಅಲ್ಲಿಗೆ ಕೊಟ್ಟ ನನ್ನ ನಾದಿನಿಯ ಮಗಳು ಹೆತ್ತಿದ್ದಳು, ಕೂಸಿಗೆ ತೊಟ್ಟಿಲು. ಮಾವನವರಿಗೆ ಅದು ಮೊದಲ ಮರಿಮಗು. "ಅಪ್ಪಾ, ನೀ ಬಂದು ಕೂಸಿನ ಹಣಿಗೆ ಇಬತ್ತಿ ಹಚ್ಚಬೇಕು. ನೀ ಬರೋತನಕ ತೊಟ್ಟಲದಾಗ ಹಾಕಂಗಿಲ್ಲ" ಎಂದು ನಾದಿನಿ ಫೋನಿನಲ್ಲೇ ಜಗಳ ತೆಗೆದಳು. ಮಾವನವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

"ಅಷ್ಟು ದೂರ ಕುಂದ್ರಲಿಕ್ಕ ಆಗಂಗಿಲ್ಲವ್ವಾ. ಇವರು ಬರ್ತಾರ" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋದರು. ಮಗಳ ಮನೆ ತುಂಬ ಬೀಗರು. ಅವರ ಮುಂದೆ ಒದ್ದೆ ಧೋತರದಲ್ಲಿ ಇಳಿಯುವುದನ್ನು ಅವರು ಕಣ್ಣಮುಂದೆ ತಂದುಕೊಂಡಿರಬೇಕು. ನಾನೂ ತಂದುಕೊಂಡೆ.

ಮರುದಿನ ಬೆಳಿಗ್ಗೆ ಸೇಡಂಗೆ ಒಬ್ಬಳೇ ಹೊರಟೆ. ಕೌದಿ ಹಾಸಿದ ಸೀಟಿನ ಮೇಲೆ ಬ್ಯಾಗು ಇಡಲು ಮನಸ್ಸಾಗದೆ ಅದನ್ನು ಕೆಳಗೆ, ಒಣಗಿಸಿ ತಂದ ಮ್ಯಾಟಿನ ಮೇಲೆ ಇಟ್ಟೆ. ಒಬ್ಬಳೇ ಇದ್ದಾಗ ಎಸಿ ಹಾಕುವ ರೂಢಿ ನನಗಿರಲಿಲ್ಲ, ಅವತ್ತು ಸೆಕೆ ತಾಳದೆ ಜೋರಾಗಿ ಹಾಕಿದೆ. ಯಾರೂ ಏನೂ ಕೂಗಲಿಲ್ಲ. ದಾರಿ ಉದ್ದವಾಗಿ ಕಂಡಿತು. ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಬ್ಯಾಗು ಎತ್ತಿದರೆ ತಳ ತೊಪ್ಪನೆ ತೊಯ್ದಿತ್ತು.

ಮೊದಲು ನನ್ನ ನೀರಿನ ಬಾಟಲಿ ಚೆಲ್ಲಿತೆಂದುಕೊಂಡೆ. ಬಾಟಲಿ ಬಿಗಿಯಾಗಿತ್ತು. ಸೀಟು ನೋಡಿದೆ. ಕೌದಿ ಒಣಗಿತ್ತು. ಬಗ್ಗಿ ನೋಡಿದೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ, ಸಾಮಾನಿಡುವ ಡಬ್ಬಿಯ ಹಿಂದಿನಿಂದ, ಒಂದು ಹನಿ ಜಾರಿ ಮ್ಯಾಟಿನ ಮೇಲೆ ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಬೊಗಸೆ ಒಡ್ಡಿದೆ. ತಣ್ಣನೆಯ, ತಿಳಿಯಾದ ನೀರು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನನಗೆ ಬಂದ ಸಿಟ್ಟಿಗೆ ಕಾರಿನ ಡ್ಯಾಶ್‌ಬೋರ್ಡಿಗೆ ಕೈಯೆತ್ತಿ ಎರಡು ಬಾರಿಸಿದೆ. ಆಮೇಲೆ ಅದೇ ಒದ್ದೆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಕೂತೆ. ಬೆಲ್ಲು ಹೊಡೆಯುತ್ತಿದ್ದರೂ ಏಳಲಾಗಲಿಲ್ಲ. ಅಷ್ಟು ಸಂತೋಷವಾಗಿತ್ತು ನನಗೆ.

ಸಂಜೆ ಅಡುಗೆಮನೆಯಲ್ಲಿ ಅತ್ತೆಗೂ ನಮ್ಮನೆಯವರಿಗೂ ಹೇಳಿದೆ. ಅತ್ತೆ ರೊಟ್ಟಿಯನ್ನು ಹೆಂಚಿನ ಮೇಲೆ ಮರೆತು ಸುಟ್ಟರು.

"ಹೋಗಿ ಹೇಳಿಬಿಡು, ಅದು ನಿಮ್ಮದಲ್ಲ, ಎಸಿ ನೀರಂತ" ಎಂದರು ನಮ್ಮನೆಯವರು.

"ಏನಂತ ಹೇಳ್ಲಿ? ನಿಮ್ಮದದ ಅಂತ ನಾವು ಯಾವಾಗ ಅಂದೀವಿ?" ಎಂದೆ.

ಕಷ್ಟವಿದ್ದದ್ದು ಅಲ್ಲೇ. ಯಾರೂ ಹೊರಿಸದ ಆರೋಪದಿಂದ ಒಬ್ಬರನ್ನು ಬಿಡಿಸುವುದು ಹೇಗೆ? "ನೀವು ಒದ್ದೆ ಮಾಡಿಲ್ಲ" ಎಂದು ಬಾಯಿಬಿಟ್ಟರೆ "ನೀವೇ ಮಾಡಿದ್ದೆಂದು ತಿಳಿದಿದ್ದೆವು" ಎಂದೂ ಹೇಳಿದಂತೆ. ಸೊಸೆ ಮಾವನಿಗೆ ಹೇಳುವ ಮಾತೇ ಅದು? ಅತ್ತೆ ಸುಟ್ಟ ರೊಟ್ಟಿಯನ್ನು ಕೆಳಗಿಳಿಸಿ ನನ್ನ ಕಡೆ ತಿರುಗಿದರು.

"ಅವರದೇನೂ ಮಾತು ತೆಗೀಬ್ಯಾಡ. ಗಾಡಿ ಕೆಟ್ಟದ ಅಂತ ಕರಿ. ಇಂಜಿನ್ ಅಂದ್ರ ಅವರು ಚಟ್ಟದ ಮ್ಯಾಲಿಂದನೂ ಎದ್ದು ಬರ್ತಾರ" ಎಂದರು.

ಬೆಳಿಗ್ಗೆ ರಜೆ ಹಾಕಿದೆ. ಮಾವನವರು ಅಂಗಳದಲ್ಲಿ ಕೂತಿದ್ದರು. ಹತ್ತಿರ ಹೋಗಿ, "ಮಾವಾರ, ಗಾಡಿಯೊಳಗ ಎಲ್ಲಿಂದೋ ನೀರು ಸೋರಲಿಕತ್ತದ. ನಿನ್ನೆ ಸೇಡಂಗೆ ಒಬ್ಬಾಕಿನೇ ಹೋದಾಗ ನನ್ನ ಬ್ಯಾಗ್ ತೊಯ್ತು. ಜರಾ ನೋಡ್ತೀರೇನು?" ಎಂದೆ.

ಅವರು ತಲೆಯೆತ್ತಿದರು. "ಯಾವ ಬಾಜೂಕ?"

"ಎಡಕ್ಕ."

"ಎಡಕ್ಕ" ಎಂದು ಅವರು ತಮಗೆ ತಾವೇ ತಿರುಗಿ ಹೇಳಿದರು. ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಏನೂ ತಿಳಿಯದವಳಂತೆ ನಿಂತಿದ್ದೆ, ಆದರೆ ನನ್ನ ಮುಖ ಸುಳ್ಳು ಹೇಳಲು ಕಲಿತದ್ದಲ್ಲ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

ಎಸಿ ಹಾಕಿಸಿದರು. ಬಾಗಿಲು ತೆರೆದು, ಸೀಟಿನ ಮೇಲೆ ಕೂರದೆ, ಹೊರಗೆ ನೆಲದ ಮೇಲೆ ಕೂತು ಒಳಗೆ ಬಗ್ಗಿ ನೋಡತೊಡಗಿದರು. ಕಾದೆವು. ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಮೊದಲ ಹನಿ ಬಿತ್ತು. ಮಾವನವರು ಬೆರಳಿನಿಂದ ಅದನ್ನು ಒರೆಸಿ, ಮೂಗಿಗೆ ಹಿಡಿದರು, ನಾವ್ಯಾರೂ ಮಾಡದ ಕೆಲಸ ಅದು. ಆಮೇಲೆ ಅಂಗೈಯನ್ನೇ ಒಡ್ಡಿದರು. ಒಂದೊಂದೇ ಹನಿ ಅಂಗೈ ತುಂಬಿ ಹೊರಗೆ ಚೆಲ್ಲುವವರೆಗೂ ಹಾಗೇ ಕೂತಿದ್ದರು. ಅವರ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. ಕಾಣದ್ದೇ ಒಳ್ಳೆಯದಾಯಿತು.

ಕೊನೆಗೆ ಮಾತಾಡಿದಾಗ ಹಳೆಯ ದನಿ ಬಂದಿತ್ತು. "ತೆಳಗ ನೋಡು ಯವ್ವಾ. ಗಾಡಿ ಉಚ್ಚಿ ಹೊಯ್ದದೇನು?"

ಬಗ್ಗಿ ನೋಡಿದೆ. ಕಾರಿನ ಅಡಿ ಒಣಗಿತ್ತು. ಎಷ್ಟು ದಿನದಿಂದ ಒಣಗಿತ್ತೋ, ಯಾರು ನೋಡಿದ್ದರು?

"ಅದಕ್ಕ ಮತ್ತ! ತೆಳಗ ಹೋಗೋ ಪೈಪ ಕಟ್ಟೇದ, ಅದಕ್ಕ ಒಳಗ ಬರಲಿಕತ್ತದ. ನನಗ ಕಟ್ಟಿದಂಗ ಇದಕ್ಕೂ ಕಟ್ಟೇದ. ಇದರದೂ ಆಪರೇಷನ್ ಆಗಬೇಕು" ಎಂದರು. ತಮ್ಮ ಕಾಯಿಲೆಯ ಮಾತನ್ನು ಅವರು ನನ್ನೆದುರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿಸಿದರು. ಮುಂದಿನ ಎಡಗಾಲಿಯನ್ನು ಎರಡು ಪರಸಿಕಲ್ಲುಗಳ ಮೇಲೆ ಹತ್ತಿಸಿದರು. ಇಂಜಿನ್ ಆರಿಸಿದ ಮೇಲೆ, ಗೋಣಿತಟ್ಟು ಹಾಸಿ, ನಾನು ಬೇಡವೆಂದರೂ ಕೇಳದೆ ತಾವೇ ಕೆಳಗೆ ತೂರಿದರು. "ಇಂಜಿನ್ ತೆಳಗ ಹೋಗೋದು ನನ್ನ ಡ್ಯೂಟಿ" ಎಂದರು. ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನಿಂದ ಬೆರಳು ಗಾತ್ರದ ಒಂದು ರಬ್ಬರ್ ಪೈಪು ಕೆಳಗೆ ಇಳಿದಿರುತ್ತದೆ. ಎಸಿಯ ನೀರು ಹೊರಗೆ ಹೋಗುವ ದಾರಿ ಅದು. ನಾನು ಜಾಣತನ ತೋರಿಸಲು ತಂತಿ ತಂದೆ. ಅವರು ತಂತಿಯನ್ನು ಆಚೆ ಎಸೆದರು. ಚುಚ್ಚಿದರೆ ಎಸಿಯ ಒಳಭಾಗ ತೂತಾಗುತ್ತದೆ, ಊದಿಯೇ ತೆಗೆಯಬೇಕು ಎಂದರು. ಹಳೆಯ ಸೈಕಲ್ ಪಂಪು ಹುಡುಕಿ ತಂದೆ. ಅದರ ಬಾಯಿಗೆ ಬಟ್ಟೆ ಸುತ್ತಿ ಪೈಪಿನೊಳಗೆ ಸಿಕ್ಕಿಸಿದರು.

"ಪಂಪ್ ಹಚ್ಚೀನಿ" ಎಂದು ಕೆಳಗಿನಿಂದ ಕೂಗಿದರು.

"ಪಂಪ್ ಹಚ್ಚೀರಿ" ಎಂದು ನಾನು ಮೇಲಿನಿಂದ ಕೂಗಿದೆ. ಎಷ್ಟು ದಿನವಾಗಿತ್ತು ಹಾಗೆ ಕೂಗಿ!

"ಹೊಡಿ!"

ಹೊಡೆದೆ. ಏನೂ ಆಗಲಿಲ್ಲ. ಸೆರಗು ಸಿಕ್ಕಿಸಿ ಮತ್ತೆ ಮೈಬಲವನ್ನೆಲ್ಲ ಹಾಕಿ ಒತ್ತಿದೆ. ಒಳಗೆ ಎಲ್ಲೋ ಗುಳುಕ್ ಎಂದಿತು. ಅವರು ಪಂಪಿನ ಬಾಯಿ ಹೊರಗೆಳೆದ ಕೂಡಲೆ ಒಂದು ಹಿಡಿ ಕೆಸರು ಕೆಳಗೆ ಬಿತ್ತು, ಅದರ ಹಿಂದೆಯೇ ಕಟ್ಟಿ ನಿಂತಿದ್ದ ನೀರೆಲ್ಲ ದಬದಬನೆ ಅವರ ಎದೆ, ಹೊಟ್ಟೆ, ಧೋತರದ ಮೇಲೆ ಸುರಿಯಿತು. ಕೆಳಗಿನಿಂದ ನಗು ಕೇಳಿತು. ಗಂಟಲು ತುಂಬಿದ, ಕೆಮ್ಮು ಬೆರೆತ ನಗು.

ಹೊರಗೆ ಬಂದರು. ಮೇಲಿಂದ ಕೆಳಗಿನವರೆಗೆ ತೊಯ್ದಿದ್ದರು. ಅಂಗೈಯಲ್ಲಿ ಆ ಕೆಸರಿನ ಉಂಡೆ. ಹಿಚುಕಿದರೆ ಬೂದು ಬಣ್ಣದ ಕಲ್ಲಿನ ಧೂಳು, ಮತ್ತೆ ಅದರ ತುಂಬ ತೊಗರಿಯ ಹೊಟ್ಟು. "ಆ ಮುದುಕಿಗಿ ರಾಶಿ ಮಾಡಿಕೊಟ್ಟಿದ್ದಕ್ಕ ನಮಗ ಬಿದ್ದ ಪಾಲು ಇದು" ಎಂದರು.

ಬಟ್ಟೆ ಬದಲಿಸುತ್ತಾರೆಂದುಕೊಂಡರೆ, ಆ ಒದ್ದೆ ಧೋತರದಲ್ಲೇ ಓಣಿಗಿಳಿದರು. ಎದುರುಮನೆಯ ಕಿರಾಣಿ ವ್ಯಾಪಾರಿಯನ್ನು ಕರೆದು ಕಾರಿನ ಅಡಿ ತೋರಿಸಿದರು. ಹಾಲು ಹಾಕುವವನನ್ನು ನಿಲ್ಲಿಸಿ ತೋರಿಸಿದರು. "ಗಾಡಿದು ನೀರು, ಗಾಡಿದು! ಒಳಗ ಸೋರಲಿಕತ್ತಿತ್ತು. ನನ್ನ ಧೋತರ ಎಲ್ಲಾ ತೋಯಿಸಿತ್ತು ನೋಡ್ರಿ" ಎಂದು ಎಲ್ಲರಿಗೂ ಹೇಳಿದರು. ಅವರಿಗೆಲ್ಲ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಒಳಗೆ ಬಂದವರು ಸೀಟಿನ ಮೇಲಿನ ಕೌದಿಯನ್ನು ಸುರುಳಿ ಸುತ್ತಿ ಅತ್ತೆಯ ಮಡಿಲಿಗೆ ಹಾಕಿ, "ನನ್ನ ಬೆನ್ನು ಮೆತ್ತಗಿಲ್ಲ. ಇದನ್ನ ಬೆಕ್ಕಿಗಿ ಹಾಸು" ಎಂದರು. ಆಮೇಲೆ ಅಡುಗೆಮನೆಯಲ್ಲಿ ನಿಂತೇ ಒಂದು ತಂಬಿಗೆ ನೀರನ್ನು ಗಟಗಟನೆ ಕುಡಿದರು. ಅತ್ತೆ ಕೌದಿಯಿಂದಲೇ ಕಣ್ಣು ಒರೆಸಿಕೊಂಡರು.

ಚಿಂಚೋಳಿಗೆ ಹೋದೆವು. ದಾರಿಯುದ್ದಕ್ಕೂ ಎಸಿ ಜೋರಾಗಿತ್ತು, ಕಿವಿಗೆ ಟವೆಲ್ ಇತ್ತು, ಹಿಂದಿನ ಸೀಟಿನಲ್ಲಿ ಅತ್ತೆ ಶಾಲು ಹೊದ್ದು ಬೈಯುತ್ತಿದ್ದರು. ಸೇಡಂ ದಾಟಿದ ಮೇಲೆ ಅವರು ಕೂಗದ ವಸ್ತುವೇ ಉಳಿಯಲಿಲ್ಲ. "ಮುಂದ ಆಡಿನ ಹಿಂಡು." "ಮುಂದ ಆಡಿನ ಹಿಂಡು." ಬೀಗರ ಮನೆಯ ಮುಂದೆ ಒಣಗಿದ, ಗರಿಗರಿಯಾದ ಬಿಳಿ ಧೋತರದಲ್ಲಿ ಇಳಿದು, ಮರಿಮಗುವಿನ ಹಣೆಗೆ ವಿಭೂತಿ ಹಚ್ಚಿದರು. ಮನೆಯೊಳಗೆ ತೊಟ್ಟಿಲ ಹಾಡು ನಡೆದಿದ್ದರೆ, ಇವರು ಹೊರಗೆ ಬೀಗರನ್ನು ಕರೆದು ಕಾರಿನಡಿಯ ನೀರು ತೋರಿಸುತ್ತಿದ್ದರು.

ಆಮೇಲೆ ಕೆಲವು ವರ್ಷ ನಮ್ಮ ಭಾನುವಾರಗಳು ಹಾಗೇ ನಡೆದವು. ಪ್ರತಿ ಸುಗ್ಗಿಯ ನಂತರ ನಾವಿಬ್ಬರೂ ಪೈಪು ಊದುತ್ತಿದ್ದೆವು. ತೊಗರಿಯ ಮೇಲೆ ಓಡಿಸುವುದನ್ನು ಮಾತ್ರ ಬಿಡಲಿಲ್ಲ. ಬೇವಿನ ಮರದ ಕೆಳಗಿನ ಗೆಳೆಯರು ಒಬ್ಬೊಬ್ಬರೇ ಕಡಿಮೆಯಾದರು. ಮಾವನವರ ದನಿಯೂ ಸಣ್ಣದಾಯಿತು. ಎಮ್ಮೆ ದಾಟಿ ಹೋದ ಮೇಲೆ "ಎಮ್ಮಿ" ಎನ್ನುತ್ತಿದ್ದರು. ನಾನು ತಿರುಗಿ ಹೇಳುತ್ತಿದ್ದೆ.

ಅವರ ಕೊನೆಯ ಚಳಿಗಾಲದ ಒಂದು ಭಾನುವಾರ. ವಾಡಿಯಿಂದ ಮನೆಗೆ ಬರುತ್ತಿದ್ದೆವು. ದೀಪಾವಳಿ ಮುಗಿದ ಮೇಲೆ ನಾನು ಎಸಿಯ ಗುಂಡಿ ಮುಟ್ಟಿರಲಿಲ್ಲ. ಗಾಜು ಇಳಿಸಿದ್ದೆವು, ಹೊರಗಿನ ತಣ್ಣನೆ ಗಾಳಿಯೇ ಸಾಕಾಗುತ್ತಿತ್ತು. ರೈಲ್ವೆ ಗೇಟು ಮುಚ್ಚಿತ್ತು. ನಿಂತೆವು. ಗೂಡ್ಸ್ ಗಾಡಿ ಬರತೊಡಗಿತು. ಗೂಡ್ಸ್ ಬಂದರೆ ಅವರು ಏನಾದರೂ ಹೇಳುವವರು, ಅವತ್ತು ಹೇಳಲಿಲ್ಲ. ತಿರುಗಿ ನೋಡಿದೆ. ಎರಡೂ ಕೈಗಳನ್ನು ಮೊಳಕಾಲಿನ ಮೇಲೆ ಒತ್ತಿ ಹಿಡಿದು ಗೇಟನ್ನೇ ನೋಡುತ್ತಿದ್ದರು. ಧೋತರ ತೊಯ್ದಿತ್ತು. ಈ ಸಲ ಅಂಚಿನಿಂದ ಮೇಲಕ್ಕಲ್ಲ, ಮಡಿಲಿನಿಂದ ಕೆಳಕ್ಕೆ. ಸೀಟೂ ತೊಯ್ದಿತ್ತು. ಮೂಸಿ ನೋಡುವ ಅಗತ್ಯವಿರಲಿಲ್ಲ.

ನಾನೂ ಗೇಟಿನ ಕಡೆಯೇ ನೋಡುತ್ತ, ಅವರು ಕಲಿಸಿದ ದನಿಯಲ್ಲಿ, ಗಟ್ಟಿಯಾಗಿ ಹೇಳಿದೆ.

"ಎಸಿ ಪೈಪ ಮತ್ತ ಕಟ್ಟೇದ, ಮಾವಾರ."

ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ಅವರು ನಮ್ಮಿಬ್ಬರ ನಡುವೆ ಇದ್ದ ಎಸಿಯ ಗುಂಡಿಯನ್ನು ನೋಡಿದರು. ಅದು ಆರಿತ್ತು. ಅದನ್ನು ನೋಡಿ ನನ್ನ ಮುಖ ನೋಡಿದರು. ಕೊನೆಯ ಡಬ್ಬಿ ದಾಟಿ ಸದ್ದು ಇಳಿದ ಮೇಲೆ ತಿರುಗಿ ಹೇಳಿದರು.

"ಎಸಿ ಪೈಪ ಕಟ್ಟೇದ."

ಗೇಟು ಮೇಲೆದ್ದಿತು.

"ಗೇಟ್ ತೆರದದ" ಎಂದರು.

"ಗೇಟ್ ತೆರದದ" ಎಂದು ನಾನು ಗೇರು ಹಾಕಿದೆ.